ಸಪ್ಪಳ ಬರೋ ಕೀಬೋರ್ಡು

“ಒಂದು ಕೀಬೋರ್ಡ್ ಆರಿಸೋಕೆ ಇಷ್ಟೊತ್ತು ಬೇಕೇನ್ರೀ, ಇದೇನು ಹೆಣ್ಣು ನೋಡೋ ಶಾಸ್ತ್ರಾನಾ?” ಎಂದು ದಾವಣಗೆರೆಯ ಅಂಗಡಿಯವನು ನಕ್ಕಾಗ ನನಗೆ ಸಿಟ್ಟು ನೆತ್ತಿಗೇರಿತು. ಗಾಜಿನ ಮೇಜಿನ ಮೇಲೆ ಡಬ್ಬಿ ಬಿಚ್ಚಿ ಕೀಬೋರ್ಡುಗಳನ್ನು ಹರಡಿದ್ದ. ನಮ್ಮಕ್ಕ ಅವುಗಳ ಮುಂದೆ ನಿಂತು, ಕಣ್ಣು ಮುಚ್ಚಿ, ಒಂದೊಂದರ ಮೇಲೂ ಬೆರಳಾಡಿಸಿ, ಬಗ್ಗಿ ಕಿವಿಗೊಟ್ಟು ಕೇಳಿ, ಬೇಡವೆಂದು ಪಕ್ಕಕ್ಕೆ ಸರಿಸುತ್ತಿದ್ದಳು. ಅಂಗಡಿಗೆ ಬಂದಿದ್ದ ಕಾಲೇಜು ಹುಡುಗರು ಒಬ್ಬರನ್ನೊಬ್ಬರು ತಿವಿದುಕೊಂಡು ನೋಡುತ್ತಿದ್ದರು. ಹುಚ್ಚಿ ಅಂದುಕೊಂಡಿರಬೇಕು. ಅಂದುಕೊಳ್ಳಲಿ, ಅವರಪ್ಪನ ಗಂಟೇನು ಹೋಗಬೇಕು.

“ಇದು ನೋಡಿ ಮೇಡಂ, ಸೌಂಡೇ ಬರಲ್ಲ. ಪಕ್ಕದಲ್ಲಿ ಮಗು ಮಲಗಿದ್ರೂ ಏಳಲ್ಲ,” ಅಂದ.

“ನನಗ ಸಪ್ಪಳ ಬರೋದು ಬೇಕ್ರಿ,” ಅಂದಳು ಅಕ್ಕ.

ಅವನು ನನ್ನ ಮುಖ ನೋಡಿದ. ಎರಡು ಸಾವಿರ ಇಸವಿ ದಾಟಿ ಕೆಲವೇ ವರ್ಷ ಆಗಿತ್ತು. ಹೊಸದು ಅಂದರೆ ತೆಳ್ಳಗಿರಬೇಕು, ಮೆತ್ತಗಿರಬೇಕು, ಸದ್ದು ಮಾಡಬಾರದು ಎಂದು ಎಲ್ಲರೂ ನಂಬಿದ್ದ ಕಾಲ. ಅಂಥದ್ದರಲ್ಲಿ ಕೊಟ್ಟೂರಿನಿಂದ ಬಸ್ಸು ಹತ್ತಿ ಬಂದ ಹೆಂಗಸೊಬ್ಬಳು ಟಕಟಕ ಅನ್ನೋ ಕೀಬೋರ್ಡು ಕೇಳಿದರೆ ಅವನಾದರೂ ಏನು ಮಾಡಿಯಾನು. ಅವನಿಗೆ ಕಾರಣ ಹೇಳುವಂತಿರಲಿಲ್ಲ. ಯಾರ ಮುಂದೆಯೂ ಬಾಯಿ ಬಿಡಬೇಡ ಎಂದು ಅಕ್ಕ ದಾರಿಯಲ್ಲೇ ತಾಕೀತು ಮಾಡಿದ್ದಳು.

ಕಾರಣ ಇಷ್ಟೇ. ಅಕ್ಕನ ಬೆರಳ ತುದಿಗಳಲ್ಲಿ ಸ್ಪರ್ಶ ಸತ್ತುಹೋಗಿತ್ತು. ಸಕ್ಕರೆ ಕಾಯಿಲೆ ಆಕೆಯ ನರಗಳನ್ನು ತಿಂದಿತ್ತು. ಮೆತ್ತನೆಯ ಕೀಬೋರ್ಡಿನ ಮೇಲೆ ಗುಂಡಿ ಒತ್ತಿತೋ ಇಲ್ಲವೋ ಎನ್ನುವುದು ಆಕೆಗೆ ತಿಳಿಯುತ್ತಿರಲಿಲ್ಲ. ಬೆರಳು ಹೇಳದಿದ್ದರೆ ಕಿವಿಯಾದರೂ ಹೇಳಲಿ ಎಂದು ನಾವಿಬ್ಬರೂ ಹುಡುಕಲು ಹೊರಟಿದ್ದೆವು.

ನಮ್ಮದು ಕೊಟ್ಟೂರಿನಲ್ಲಿ, ಬಸ್‌ಸ್ಟ್ಯಾಂಡಿನಿಂದ ಒಳಗೆ ಬರುವ ದಾರಿಯ ಚಹಾದಂಗಡಿಯ ಮೇಲೆ, ಅಪ್ಪ ಶುರುಮಾಡಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟು. ತೊಂಬತ್ತರ ದಶಕದಲ್ಲಿ ಅಲ್ಲಿ ಟೈಪ್‌ರೈಟರುಗಳು ಸಾಲಾಗಿ ಕೂತಿದ್ದವು. ಬೆಳಗಿನ ಬ್ಯಾಚು ಶುರುವಾಯಿತೆಂದರೆ ತಗಡಿನ ಮೇಲೆ ಆಲಿಕಲ್ಲು ಬಿದ್ದಂಥ ಸದ್ದು. ಅಪ್ಪನದು ಒಂದೇ ಮಂತ್ರ: ಕೈ ನೋಡಬೇಡ. ಗುಂಡಿಗಳ ಮೇಲೆ ಟವೆಲ್ಲು ಹೊದಿಸಿ, ಅದರ ಕೆಳಗೆ ಕೈ ತೂರಿಸಿ ಹೊಡಿ ಅನ್ನುತ್ತಿದ್ದ. ಮಷಿನ್ನಿಗೆ ಸಿಕ್ಕಿಸಿದ ಹಾಳೆಯನ್ನೂ ನೋಡುವಂತಿಲ್ಲ. ಎಡಕ್ಕಿಟ್ಟ ಮೂಲ ಕಾಗದದ ಮೇಲೇ ಕಣ್ಣಿರಬೇಕು. ಅದು ಬಿಟ್ಟು ಕೆಳಗೆ ನೋಡಿದವರ ಗೆಣ್ಣಿಗೆ ಅಪ್ಪನ ಸ್ಕೇಲು ಬೀಳುತ್ತಿತ್ತು. ನನ್ನ ಗೆಣ್ಣು ಎಷ್ಟು ಸಲ ಕೆಂಪಾಯಿತೋ ಲೆಕ್ಕವಿಲ್ಲ. ಅಕ್ಕನ ಗೆಣ್ಣಿಗೆ ಆ ಸ್ಕೇಲು ಒಮ್ಮೆಯೂ ಮುಟ್ಟಲಿಲ್ಲ. ಆಕೆ ಕಾಗದದಿಂದ ಕಣ್ಣು ಕೀಳದೆ, ಯಾರ ಜೊತೆಗೋ ಮಾತಾಡುತ್ತಲೇ ಒಂದು ಪುಟ ತಪ್ಪಿಲ್ಲದೆ ಮುಗಿಸುತ್ತಿದ್ದಳು. ಅಪ್ಪ ಹೊಗಳುವ ಮನುಷ್ಯ ಅಲ್ಲ. “ಪರವಾಗಿಲ್ಲ” ಅನ್ನುತ್ತಿದ್ದ, ಅಷ್ಟೇ.

ಲಗ್ನವಾಗಿ ಹಡಗಲಿ ಕಡೆಗೆ ಹೋದ ಅಕ್ಕ ಅಲ್ಲಿ ಬಹಳ ದಿನ ಬಾಳಲಿಲ್ಲ. ಟ್ರಂಕು ಹಿಡಿದುಕೊಂಡು ಬಂದಳು. ಯಾಕೆ ಅಂತ ಅಪ್ಪ ಕೇಳಲಿಲ್ಲ, ನಾನೂ ಕೇಳಲಿಲ್ಲ. ಹೊರಡುವಾಗ ಆಕೆಯ ಅತ್ತೆ ಓಣಿ ಮಂದಿಗೆಲ್ಲ ಕೇಳುವಂತೆ ಒಂದು ಮಾತು ಆಡಿದ್ದಳಂತೆ: “ಹೋಗು, ಹೋಗು. ನಾಳೆ ತಮ್ಮನ ಮನಿ ಬಾಗಿಲಾಗ ಕೂಳಿನ ತಾಟು ಹಿಡಕೊಂಡು ನಿಂದ್ರಾಕಿ ನೀನು.” ಹೊಡೆದದ್ದು ಬಡಿದದ್ದು ಏನಿತ್ತೋ ಅದನ್ನೆಲ್ಲ ಅಕ್ಕ ನುಂಗಿಕೊಂಡಳು. ಇದೊಂದು ಮಾತು ಮಾತ್ರ ಆಕೆಯ ಗಂಟಲಲ್ಲೇ ಉಳಿಯಿತು.

ಇನ್‌ಸ್ಟಿಟ್ಯೂಟಿನ ಹಿಂದೆ ಒಂದು ಕೋಣೆ ಇತ್ತು. ಅದರಲ್ಲಿ ಒಲೆ ಹೂಡಿದಳು. ಅರ್ಜಿ, ಕರಾರುಪತ್ರ, ಶಾಲೆಗಳ ಪ್ರಶ್ನೆಪತ್ರಿಕೆ, ಲಗ್ನಪತ್ರಿಕೆಯ ಒಕ್ಕಣೆ, ಏನು ಬಂದರೂ ಟೈಪು ಮಾಡಿಕೊಟ್ಟು ತನ್ನ ಅನ್ನ ತಾನು ದುಡಿದುಕೊಂಡಳು. ನನ್ನ ಮನೆ ಮಗ್ಗುಲ ಓಣಿಯಲ್ಲೇ ಇತ್ತು. ಅಲ್ಲಿ ಆಕೆ ಉಣ್ಣುತ್ತಿದ್ದದ್ದು ಪಂಚಮಿಗೆ ಮಾತ್ರ, ತವರಿಗೆ ಬಂದ ಹೆಣ್ಣುಮಗಳಾಗಿ, ಹೊಸ ಸೀರೆ ಉಟ್ಟುಕೊಂಡು. ಉಳಿದ ದಿನ ನನ್ನ ಹೆಂಡತಿ ಕರೆದು ಕರೆದು ಸೋತಳು. “ನನ್ನ ಒಲಿ ಉರಿಯಾಕ ಹತ್ತೇತಿ ತಂಗಿ, ನಿನ್ನ ಒಲಿ ಯಾಕ,” ಅನ್ನುತ್ತಿದ್ದಳು. ಕೈಯಲ್ಲಿ ಟೈಪಿಂಗ್ ಇರುವ ತನಕ ಆ ಒಲೆ ಇರುತ್ತದೆ, ಕೈ ಹೋದ ದಿನ ಒಲೆಯೂ ಹೋಗುತ್ತದೆ. ಇದು ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಆಡುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಅಪ್ಪ ಹೋದ ಮೇಲೆ ಟೈಪ್‌ರೈಟರುಗಳು ಒಂದೊಂದಾಗಿ ಮೂಲೆ ಸೇರಿ ಕಂಪ್ಯೂಟರು ಬಂದವು. ಬೆಳಿಗ್ಗೆ ಪಾಠ, ಸಂಜೆ ಆಟ. ಸಂಜೆಯಾದರೆ ಊರ ಹುಡುಗರೆಲ್ಲ ಕಾರು ಓಡಿಸಲು, ಗುಂಡು ಹಾರಿಸಲು ಬಂದು ಬೆಂಚಿನ ಮೇಲೆ ಪಾಳಿ ಕಾಯುತ್ತಿದ್ದರು. ಅವರು ಗುಂಡಿ ಒತ್ತುತ್ತಿರಲಿಲ್ಲ, ಕುಟ್ಟುತ್ತಿದ್ದರು. ನನ್ನ ಸಂಸಾರ ಅರ್ಧ ನಡೆದದ್ದು ಆ ಕಪಿಗಳಿಂದಲೇ, ಆದ್ದರಿಂದ ಬೈದರೂ ನಾಲಿಗೆ ಅಳತೆಯಲ್ಲಿಟ್ಟು ಬೈಯುತ್ತಿದ್ದೆ. ಅಕ್ಕ ಕನ್ನಡ ತಂತ್ರಾಂಶ ಕಲಿತಳು, ಹೊಸ ಅಕ್ಷರ ಜೋಡಣೆ ಕಲಿತಳು. ಹಳೆಯದನ್ನೆಲ್ಲ ಬೆರಳಿನಿಂದ ಅಳಿಸಿ ಹೊಸದನ್ನು ಹಾಕಿಕೊಳ್ಳಲು ಆಕೆಗೆ ಒಂದು ಮಳೆಗಾಲ ಸಾಕಾಯಿತು. ಆಗಲೂ ಕೈ ನೋಡಲಿಲ್ಲ. ಕಂಪ್ಯೂಟರಿನ ಪರದೆಯನ್ನೂ ನೋಡುತ್ತಿರಲಿಲ್ಲ. ಕಣ್ಣು ಎಡಕ್ಕೆ, ಕಾಗದದ ಮೇಲೆ. ಅಪ್ಪನ ಸ್ಕೇಲು ಇನ್ನೂ ಮಗ್ಗುಲಲ್ಲೇ ಇದೆ ಅನ್ನುವ ಹಾಗೆ.

ಮೊದಲು ಗೊತ್ತಾದದ್ದು ಚಪ್ಪಲಿಯಿಂದ. ಒಂದು ದಿನ ಸಂತೆಯಿಂದ ಬಂದವಳ ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. “ಇನ್ನೊಂದು ಎಲ್ಲಿ ಬಿಟ್ಟಿ?” ಅಂತ ಕೇಳಿದೆ. ಕಾಲು ನೋಡಿಕೊಂಡು ಬೆಪ್ಪಾದಳು. ಎಲ್ಲಿ ಜಾರಿತೋ ಗೊತ್ತೇ ಆಗಿರಲಿಲ್ಲ. ನಾನು ನಕ್ಕು ಬಿಟ್ಟೆ. ಆಮೇಲೆ ರೊಟ್ಟಿ. ಜೋಳದ ರೊಟ್ಟಿಯನ್ನು ಹಂಚಿನ ಮೇಲೆ ತಿರುವಿ ಹಾಕುವಾಗ ಬೆರಳು ಸುಟ್ಟು ಬೊಬ್ಬೆ ಎದ್ದಿದ್ದವು. ಆ ಬೊಬ್ಬೆಗಳನ್ನು ಮೊದಲು ನೋಡಿದವಳು ನನ್ನ ಹೆಂಡತಿ. “ಅಕ್ಕಾರ, ಇದೇನು ಕೈ?” ಅಂದರೆ, “ಏನಾತು?” ಎಂದು ಕೈ ತಿರುಗಿಸಿ ನೋಡಿಕೊಂಡಳಂತೆ.

ಅದರ ಬೆನ್ನಿಗೇ ಟೈಪು ಮಾಡಿದ ಕಾಗದದಲ್ಲಿ ಅಕ್ಷರ ಬಿಟ್ಟುಹೋಗತೊಡಗಿದವು. ಕೆಲವು ಕಡೆ ಒಂದೇ ಅಕ್ಷರ ಸಾಲುಗಟ್ಟಿ ಬೀಳುತ್ತಿತ್ತು, ಬೆರಳು ಇನ್ನೂ ಗುಂಡಿಯ ಮೇಲೇ ಇದೆ ಎಂದು ತಿಳಿಯದೆ. “ನಿನ್ನ ಕೀಬೋರ್ಡು ಸತ್ತೈತಿ ನೋಡಲೇ, ಆಟದ ಹುಡುಗರು ಕುಟ್ಟಿ ಕೊಂದಾರ,” ಎಂದು ನನ್ನ ಮೇಲೆ ಹರಿಹಾಯ್ದಳು. ಹೊಸದು ಹಾಕಿಕೊಟ್ಟೆ. ಅದರಲ್ಲೂ ಅದೇ ಹಾಡು. ನಾನು ಒತ್ತಿದರೆ ಸರಿಯಾಗಿ ಬರುತ್ತಿತ್ತು. ಆವಾಗ ಆಕೆ ಕೀಬೋರ್ಡನ್ನು ಬೈಯುವುದು ಬಿಟ್ಟಳು. ಅಕ್ಕ ಜಗಳ ಬಿಡುವ ಪೈಕಿ ಅಲ್ಲ.

ದಾವಣಗೆರೆಯ ಡಾಕ್ಟರು ಆಕೆಯ ಬೆರಳಿಗೆ ಸೂಜಿ ಚುಚ್ಚಿ, “ಚುಚ್ಚಿದ್ದು ಗೊತ್ತಾಗುತ್ತಾ?” ಎಂದು ಕೇಳಿದರು. ಅಕ್ಕ ಕಣ್ಣು ಮುಚ್ಚಿಕೊಂಡು, “ಚುಚ್ಚರಿ ಮತ್ತ,” ಅಂದಳು. ಅವರು ಆಗಲೇ ಚುಚ್ಚಿ ಸೂಜಿ ತೆಗೆದಿಟ್ಟಿದ್ದರು. ಹೋದ ನರ ತಿರುಗಿ ಬರುವುದಿಲ್ಲ, ಇದ್ದದ್ದನ್ನು ಕಾಪಾಡಿಕೊಳ್ಳಬೇಕು ಎಂದು ಗುಳಿಗೆ ಬರೆದರು. ದೇವರು ಅನ್ನೋನು ಕುರುಡ ಇರಬೇಕು. ಎರಡನೇ ದರ್ಜೆಯ ಟೈಪಿಸ್ಟು ನಾನು ಮಗ್ಗುಲಲ್ಲೇ ನಿಂತಿದ್ದೆ, ನನ್ನ ಕೈಗೆ ಏನು ಬಂದಿತ್ತು ಧಾಡಿ. ಹತ್ತು ಬೆರಳೂ ಒಳ್ಳೇ ಗುಂಡುಕಲ್ಲಿನಂತೆ ಇವೆ, ಇವತ್ತಿಗೂ.

ಆಸ್ಪತ್ರೆ ಮೆಟ್ಟಿಲಿಳಿಯುತ್ತ ಅಕ್ಕ ಅಂದಳು: “ಟೈಪ್‌ರೈಟರ್‌ದಾಗ ಹೊಡದಾಗ ತಪ್ಪು ಬರ್ತಿರಲಿಲ್ಲ ನೋಡು. ಅದು ಟಕ್ ಅಂತ ಹೇಳತಿತ್ತು. ಈ ಕೀಬೋರ್ಡು ಮೂಕಬಸವ.”

ಹಾಗಾದರೆ ಟೈಪ್‌ರೈಟರಿನಲ್ಲೇ ಮಾಡು ಅನ್ನುವಂತಿರಲಿಲ್ಲ. ರಿಬ್ಬನ್ನು ಸಿಗುತ್ತಿರಲಿಲ್ಲ. ಸಿಕ್ಕರೂ ಟೈಪ್‌ರೈಟರಿನ ಕಾಗದವನ್ನು ಯಾವ ಆಫೀಸಿನವನೂ ಮೂಸಿ ನೋಡುತ್ತಿರಲಿಲ್ಲ. ಕಂಪ್ಯೂಟರ್ ಪ್ರಿಂಟೇ ಬೇಕು, ಫ್ಲಾಪಿ ಬೇಕು. ಅದಕ್ಕೇ ಆಸ್ಪತ್ರೆಯಿಂದ ನೇರ ಆ ಅಂಗಡಿಗೆ ಹೋಗಿದ್ದೆವು.

ಅವನು ಒಂದಾದ ಮೇಲೊಂದು ತೆಗೆದ. ಹಾಡು ಹಚ್ಚಲು ಬೇರೆ ಗುಂಡಿ ಇದ್ದದ್ದು, ನೀರು ಬಿದ್ದರೂ ಕೆಡದ್ದು, ನಡುವೆ ಎರಡು ಹೋಳಾಗಿ ಬಾಗಿದ್ದು. “ಇದರ ನಡ ಯಾರು ಮುರದಾರ್ರಿ?” ಅಂದಳು ಅಕ್ಕ. ಅದು ಕೈನೋವು ಬರದಂತೆ ಮಾಡಿದ್ದು ಮೇಡಂ, ಅಂದ. ಕೈಗೆ ನೋವು ತಿಳಿದರೆ ಸಾಕು ಎಂದು ಬಂದವರ ಮುಂದೆ ಈ ಮಾತು. ನಾನು ಬಾಯಿ ತೆರೆಯುವುದರೊಳಗೆ ಅಕ್ಕ ನನ್ನ ಅಂಗಿ ಜಗ್ಗಿದಳು.

ಕೊನೆಗೆ ಅವನಿಗೂ ಕನಿಕರ ಬಂತೋ, ಬೇಸರವೇ ಬಂತೋ. “ನೀವು ಕೇಳ್ತಿರೋದು ಮೆಕ್ಯಾನಿಕಲ್ ಕೀಬೋರ್ಡು ರೀ. ಒಂದೊಂದು ಗುಂಡಿಗೂ ಬೇರೆ ಬೇರೆ ಸ್ಪ್ರಿಂಗ್ ಇರ್ತವೆ. ಮೊದಲೆಲ್ಲ ಬರ್ತಿದ್ವು, ಭಾರ ಅಂತ ಬಿಟ್ರು. ಬೆಂಗಳೂರಲ್ಲಿ ಗೇಮ್ ಆಡೋರು ಹುಡುಕ್ತಾರಂತೆ. ನಮ್ಮಲ್ಲಿ ಯಾರು ಕೇಳ್ತಾರೆ,” ಅಂದ. ಆ ಹೆಸರನ್ನು ನಾವು ಕೇಳಿದ್ದು ಅವತ್ತೇ. ಬಸ್ಸಿನಲ್ಲಿ ಹರಪನಹಳ್ಳಿ ದಾಟುವವರೆಗೂ ಅಕ್ಕ ಮೆಕ್ಯಾನಿಕಲ್, ಮೆಕ್ಯಾನಿಕಲ್ ಎಂದು ಒಳಗೇ ಅಂದುಕೊಳ್ಳುತ್ತಿದ್ದಳು. ಔಷಧದ ಹೆಸರು ಮರೆಯದಂತೆ ನೆನಪಿಡುತ್ತಾರಲ್ಲ, ಹಾಗೆ.

ಹರಪನಹಳ್ಳಿಯಲ್ಲಿ ಕೇಳಿದೆ, ಹಗರಿಬೊಮ್ಮನಹಳ್ಳಿಯಲ್ಲಿ ಕೇಳಿದೆ. ಎಲ್ಲ ಕಡೆ ಮೂಕಬಸವಗಳೇ. ಕೊನೆಗೆ ನಮ್ಮಲ್ಲಿ ಕಾಗದ ಟೈಪು ಮಾಡಿಸಲು ಬಂದಿದ್ದ ಬ್ಯಾಂಕಿನ ಗುಮಾಸ್ತರೊಬ್ಬರು, “ನಮ್ಮ ಬ್ಯಾಂಕಿನ ಹಳೇ ಕಂಪ್ಯೂಟರ್ ಎಲ್ಲಾ ಕಾನಹೊಸಹಳ್ಳಿ ಗುಜರಿಯವ ಒಯ್ದಾನ ನೋಡ್ರಿ, ಅದರಾಗ ಅಂಥವು ಇರಬೇಕು,” ಅಂದರು. ಮರುದಿನವೇ ಹೊರಟೆವು.

ಗುಜರಿ ಹೈವೇ ಮಗ್ಗುಲಲ್ಲೇ ಇತ್ತು. ಲಾರಿ ಟೈರು, ಮುರಿದ ಸೈಕಲ್ಲು, ಪಂಪ್‌ಸೆಟ್ಟಿನ ಕೊಳವೆ, ಅವುಗಳ ನಡುವೆ ಬಿಸಿಲಿಗೆ ಹಳದಿಗಟ್ಟಿದ ಕಂಪ್ಯೂಟರ್ ಸಾಮಾನಿನ ಗುಡ್ಡೆ. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಕ್ಕರುಗಾಲಲ್ಲಿ ಕೂತಳು. ನಾನು ಒಂದೊಂದನ್ನೇ ಎಳೆದು ಮಣ್ಣು ಕೊಡವಿ ಕೊಡುವುದು, ಆಕೆ ಕಿವಿಯ ಹತ್ತಿರ ಇಟ್ಟುಕೊಂಡು ಗುಂಡಿ ಒತ್ತುವುದು. ಕೆಲವದರಲ್ಲಿ ಇರುವೆ ಗೂಡು ಕಟ್ಟಿದ್ದವು. ಒಂದರ ಗುಂಡಿ ಒತ್ತಲು ಮೊಣಕೈ ಬಲ ಬೇಕಿತ್ತು. “ಇದು ಬ್ಯಾಡ, ಬೋರಿನ ಹ್ಯಾಂಡಲ್ ಹೊಡದಂಗ ಆಗ್ತೈತಿ,” ಎಂದು ಬದಿಗಿಟ್ಟಳು. ಇನ್ನೊಂದು ಒತ್ತಿದಾಗ ಸುಮ್ಮನಿದ್ದು ಬಿಟ್ಟಾಗ ಸದ್ದು ಮಾಡುತ್ತಿತ್ತು. “ಇದಕ್ಕ ತಿಳಿಯೋದ ತಡ ಐತಿ,” ಅಂದಳು. ಹೈವೇ ಮೇಲೆ ಲಾರಿ ಹೋದಾಗಲೆಲ್ಲ ಕೈ ಎತ್ತಿ ನನ್ನನ್ನು ನಿಲ್ಲಿಸಿ, ಸದ್ದು ಅಡಗುವ ತನಕ ಕಾಯುತ್ತಿದ್ದಳು.

ಕಡೆಗೆ ಒಂದು ಸಿಕ್ಕಿತು. ದಪ್ಪ, ಭಾರ, ಬಣ್ಣ ಹಳೇ ಹಲ್ಲಿನದು. ಒತ್ತಿದರೆ ಟಕ್. ಬಿಟ್ಟರೆ ಟಿಕ್. ಅಕ್ಕ ಎರಡೂ ಕೈ ಇಟ್ಟು ಅಪ್ಪ ಕಲಿಸಿದ ಮೊದಲ ಪಾಠ ಹೊಡೆದಳು. ತಂತಿ ಇಲ್ಲ, ಕರೆಂಟಿಲ್ಲ, ಬರೀ ಗುಜರಿಯ ಮಣ್ಣಿನ ಮೇಲೆ ಇಟ್ಟುಕೊಂಡು ಹೊಡೆದಳು. ಆಮೇಲೆ ನನ್ನ ಕಡೆ ತಿರುಗಿ, “ಇದು ಮಾತಾಡ್ತೈತಲೇ,” ಅಂದಳು. ಆ ಮುಖ ನಾನು ಸಾಯುವ ತನಕ ಮರೆಯುವವನಲ್ಲ.

ಗುಜರಿಯವನು ಅದನ್ನು ಕಬ್ಬಿಣದ ಜೊತೆ ತಕ್ಕಡಿಗೆ ಹಾಕಿ ತೂಗಿದ. “ಒಳಗ ತಗಡು ಐತ್ರಿ, ಅದಕ್ಕ ವಜ್ಜಿ,” ಅಂದ. ಹೀಗೆ ನಮ್ಮ ಮೊದಲ ಮೆಕ್ಯಾನಿಕಲ್ ಕೀಬೋರ್ಡು ತೂಕದ ಲೆಕ್ಕದಲ್ಲಿ ಮನೆಗೆ ಬಂತು. ಗುಂಡಿಗಳನ್ನೆಲ್ಲ ಕಿತ್ತು ಸಾಬೂನಿನ ನೀರಲ್ಲಿ ತೊಳೆದು, ಮಾಳಿಗೆ ಮೇಲೆ ಸಂಡಿಗೆ ಹಾಕಿದಂತೆ ಹರವಿ ಒಣಗಿಸಿದೆವು. ಅದರ ಪಿನ್ನು ದಪ್ಪನಾದ್ದರಿಂದ ನಮ್ಮ ಕಂಪ್ಯೂಟರಿನ ತೂತಿಗೆ ಹಿಡಿಯಲಿಲ್ಲ. ನಡುವೆ ಹಾಕುವ ಕನ್ವರ್ಟರನ್ನು ಹೊಸಪೇಟೆಯಿಂದ ತರಿಸಿದೆ. ಹಚ್ಚಿದೆ. ಹತ್ತಿತು.

ಸ್ವಲ್ಪ ಕಾಲ ಎಲ್ಲ ಸರಿಹೋಯಿತು ಅಂದುಕೊಂಡೆವು. ಒತ್ತಿದ್ದನ್ನು ಕಿವಿ ಹೇಳುತ್ತಿತ್ತು, ಅಕ್ಕನ ಕೈ ಮತ್ತೆ ಓಡಿತು. ಕೆಳಗಿನ ಚಹಾದಂಗಡಿಯವನು, “ಏನ್ರಿ, ಅಕ್ಕಾರ ಮಷಿನ್ ಮತ್ತ ಚಾಲೂ ಆತಲ್ಲ,” ಎಂದು ಮೇಲೆ ಕೂಗಿದ. ಆಟದ ಹುಡುಗರಿಗೂ ಅದರ ಮೇಲೆ ಕಣ್ಣು ಬಿತ್ತು. “ಅಕ್ಕಾರ, ಒಂದಾಟ ಆಡಾಕ ಕೊಡ್ರಿ. ಇದರಾಗ ಗುಂಡು ಹೊಡದ್ರ ಖರೇ ಗುಂಡು ಹಾರಿದಂಗ ಆಗ್ತೈತಿ,” ಎಂದು ಗೋಗರೆಯುತ್ತಿದ್ದರು. “ನಿಮ್ಮ ಕೈಗೆ ಕೊಟ್ರ ನಾಳೆ ಇದನ್ನೂ ಮಣ್ಣಿಗೆ ಇಡಬೇಕು, ನಡೀರಿ,” ಎಂದು ಗದರಿ, ಕೆಲಸ ಮುಗಿದ ಮೇಲೆ ಅಪ್ಪನ ಕಾಲದ ಟವೆಲ್ಲೊಂದನ್ನು ಅದಕ್ಕೆ ಹೊದಿಸಿ ಹೋಗುತ್ತಿದ್ದಳು. ಕೂಸಿಗೆ ಹೊದಿಸಿದ ಹಾಗೆ, ನಾಲ್ಕೂ ಮೂಲೆ ಸಿಕ್ಕಿಸಿ.

ಆದರೆ ಕಾಯಿಲೆ ನಮ್ಮ ಉಪಾಯ ನೋಡಿ ನಿಲ್ಲುತ್ತದೆಯೇ. ತುದಿಯಲ್ಲಿದ್ದದ್ದು ಮೇಲೇರಿತು. ಕೀಬೋರ್ಡಿನಲ್ಲಿ ಎಡಗೈಯ ತೋರುಬೆರಳು ಕೂರುವ ಗುಂಡಿಗೆ ಒಂದು, ಬಲಗೈಯದಕ್ಕೆ ಒಂದು ಸಣ್ಣ ಗಂಟು ಇರುತ್ತದೆ. ಅದನ್ನು ತಡವಿಯೇ ಟೈಪಿಸ್ಟಿಗೆ ಕೈ ಎಲ್ಲಿಡಬೇಕೆಂದು ತಿಳಿಯುವುದು. ಒಂದು ಬೆಳಿಗ್ಗೆ ಅಕ್ಕ ಬಹಳ ಹೊತ್ತು ಗುಂಡಿಗಳನ್ನು ಸವರುತ್ತ ಕೂತಿದ್ದಳು. “ಏನು ಹುಡುಕ್ತಿ?” ಅಂದೆ. “ಗಂಟು ಸಿಗವಲ್ದು,” ಅಂದಳು. ಅರಗು ಕರಗಿಸಿ ಆ ಎರಡು ಗುಂಡಿಗಳ ಮೇಲೆ ದಪ್ಪಗೆ ಹಚ್ಚಿಕೊಟ್ಟೆ. ಅದೂ ಸಿಗಲಿಲ್ಲ. ಆಮೇಲೆ ಆಕೆಯೇ ಒಂದು ದಾರಿ ಮಾಡಿಕೊಂಡಳು. ಮಣಿಕಟ್ಟನ್ನು ಕೀಬೋರ್ಡಿನ ಅಂಚಿಗೆ ತಾಗಿಸಿ, ಅಲ್ಲಿಂದ ಅಂದಾಜಿನ ಮೇಲೆ ಬೆರಳು ಚಾಚಿ ಕೂರಿಸುವುದು. ಒಂದು ಸಲ ಕೆಳಗೆ ನೋಡಿದ್ದರೆ ಮುಗಿದಿತ್ತು. “ನೋಡಿಕೊಂಡ ಇಡಬಾರದಾ?” ಎಂದು ಸಿಡುಕಿದೆ. “ನೋಡಿ ಹೊಡಿಯೋದು ಟೈಪಿಂಗ್ ಏನಲೇ?” ಅಂದಳು. ಅದೇ ನಮ್ಮ ಮನೆತನದ ಶನಿ, ಅಪ್ಪ ಇಟ್ಟು ಹೋದದ್ದು.

ಗುಡೇಕೋಟೆ ಕಡೆಯ ಶಾಲೆಯೊಂದರ ಮೇಷ್ಟ್ರು ಮೊದಲಿನಿಂದಲೂ ಅಕ್ಕನ ಗಿರಾಕಿ. ಅವರಿಗೆ ಹತ್ತಿರದ ಕೂಡ್ಲಿಗಿಯಲ್ಲಿ ಟೈಪು ಮಾಡುವವರು ಬೇಕಾದಷ್ಟು ಮಂದಿ ಇದ್ದರೂ, ಅಕ್ಕಾರು ಹೊಡೆದರೆ ತಿದ್ದುವ ಕೆಲಸವಿಲ್ಲ ಎಂದು ಅಷ್ಟು ದೂರದಿಂದ ಬರುತ್ತಿದ್ದರು. ಪರೀಕ್ಷೆ ಹತ್ತಿರ ಬಂದಿತ್ತು. ಪ್ರಶ್ನೆಪತ್ರಿಕೆಯ ಕೈಬರಹ ತಂದು ಕೊಟ್ಟು, ಮಧ್ಯಾಹ್ನದ ಬಸ್ಸಿಗೆ ಹೋಗಬೇಕು ಎಂದು ಹೊರಗಿನ ಕೋಣೆಯಲ್ಲಿ ನನ್ನ ಜೊತೆ ಕೂತರು. ಅಕ್ಕ ಒಳಗೆ ಹೋದಳು.

ಶುರುವಾಯಿತು ನೋಡಿ. ಒಂದೇ ಸಮ, ಎಡವದೆ, ನಿಲ್ಲದೆ, ಟಕಟಕಟಕ. ಸಾಲು ಮುಗಿದಾಗ ಒಂದು ದಪ್ಪ ಸದ್ದು, ಮತ್ತೆ ಓಟ. ಅಪ್ಪನ ಕಾಲದಲ್ಲಿ, ಬೆಳಗಿನ ಬ್ಯಾಚಿನಲ್ಲಿ, ಕಣ್ಣು ಮುಚ್ಚಿದರೂ ಇದು ಅಕ್ಕನ ಮಷಿನ್ನು ಎಂದು ಗುರುತು ಹತ್ತುತ್ತಿದ್ದ ಅದೇ ಲಯ. ನನಗೆ ಎದೆ ಉಬ್ಬಿ ಬಂತು. “ಕೇಳ್ರಿ ಮೇಷ್ಟ್ರ, ಹೆಂಗೈತಿ ಕೈ,” ಅಂದೆ. ಅವರೂ ತಲೆದೂಗಿದರು. ಕೆಳಗಿನಿಂದ ಚಹಾ ತರಿಸಿದೆ. ಇಬ್ಬರೂ ಚಹಾ ಕುಡಿಯುತ್ತ, ಕಟ್ಟೆಯ ಮೇಲೆ ಕೂತು ಹಾಡು ಕೇಳುವವರಂತೆ ಆ ಸದ್ದು ಕೇಳಿದೆವು. ಡಾಕ್ಟರು ಏನು ಹೇಳಿದರೇನು, ಗುಜರಿಯಿಂದ ತಂದ ಆ ಮುದಿ ಕೀಬೋರ್ಡು ನಮ್ಮ ಅಕ್ಕನನ್ನು ಉಳಿಸಿತು ಅಂತಲೇ ಅವತ್ತು ನಾನು ನಂಬಿದೆ. ಆ ಚಹಾ ಕುಡಿದಷ್ಟು ಹೊತ್ತು ನಂಬಿದೆ.

“ಮುಗೀತು, ಪ್ರಿಂಟ್ ತಗಿ,” ಎಂದು ಅಕ್ಕ ಕೂಗಿದಳು. ನಾನು ಪರದೆ ನೋಡದೆ ಪ್ರಿಂಟು ಕೊಟ್ಟೆ. ಬಂದ ಹಾಳೆಯನ್ನು ಮೇಷ್ಟ್ರು ಕೈಗೆತ್ತಿಕೊಂಡು ನೋಡಿದರು. ಕನ್ನಡಕ ಏರಿಸಿಕೊಂಡು ಮತ್ತೆ ನೋಡಿದರು.

“ಫಾಂಟ್ ಕೆಟ್ಟೈತೇನ್ರಿ ನಿಮ್ದು?” ಅಂದರು.

ಹಾಳೆ ಇಸಿದುಕೊಂಡೆ. ಮೇಲೆ ಕನ್ನಡ ಎಂದು ಇರಬೇಕಾದ ಕಡೆ ಜಬ್ಬಡ ಎಂದಿತ್ತು. ಕೆಳಗೆ ಪುಟದ ತುಂಬ ಅಂಥದ್ದೇ. ಪ್ರಶ್ನೆಯ ಗುರುತಾಗಲಿ, ಮಾತಿನ ಗುರುತಾಗಲಿ ಇಲ್ಲ. ಕನ್ನಡ ಕಂಪ್ಯೂಟರಿನಲ್ಲಿ ಆಗ ಇದೇನು ಹೊಸದಲ್ಲ, ಫಾಂಟು ಕೈಕೊಟ್ಟರೆ ಇಡೀ ಕಾಗದವೇ ಹುಚ್ಚುಹುಚ್ಚಾಗಿ ಬರುತ್ತಿತ್ತು. ನಾನೂ ಅದೇ ಇರಲಿ ಎಂದು ಬೇಡಿಕೊಂಡೆ. ಫಾಂಟು ಬದಲಿಸಿದೆ. ತಂತ್ರಾಂಶ ಮುಚ್ಚಿ ತೆಗೆದೆ. ಕಂಪ್ಯೂಟರನ್ನೇ ಆರಿಸಿ ಹಚ್ಚಿದೆ. “ಇವರವ್ವನ, ಮೊನ್ನೆ ಕರೆಂಟ್ ಹೋದಾಗ ಕೆಟ್ಟಿರಬೇಕ್ರಿ,” ಎಂದು ಮೇಷ್ಟ್ರಿಗೆ ಸಮಜಾಯಿಷಿ ಕೊಡುತ್ತಲೇ ಇದ್ದೆ. ಅಕ್ಕ ನನ್ನ ಹಿಂದೆ ನಿಂತು ಹಾಳೆಯನ್ನು ನೋಡುತ್ತಿದ್ದಳು.

“ಫಾಂಟ್ ಅಲ್ಲ,” ಅಂದಳು. “ಕೈ.”

ಆಕೆಗೆ ಓದಿದ ಕೂಡಲೇ ತಿಳಿದಿತ್ತು. ಎಡಗೈಯಿಂದ ಬರುವ ಅಕ್ಷರಗಳೆಲ್ಲ ಸರಿಯಾಗಿದ್ದವು. ಬಲಗೈಯವು ಮಾತ್ರ ಎಲ್ಲವೂ ಒಂದೊಂದು ಮನೆ ಎಡಕ್ಕೆ ಸರಿದಿದ್ದವು. ಕೂತಾಗಲೇ ಬಲಗೈ ಒಂದು ಗುಂಡಿ ತಪ್ಪಿ ಕೂತಿತ್ತು. ಮೊದಲ ಅಕ್ಷರದಿಂದ ಕೊನೆಯ ಅಕ್ಷರದ ತನಕ ಅಲ್ಲೇ ಕೂತು, ಅಷ್ಟು ಚೆಂದಗೆ, ಅಷ್ಟು ವೇಗವಾಗಿ ಓಡಿತ್ತು. ಗುಂಡಿ ಒತ್ತಿತು ಎಂದು ಆ ಕೀಬೋರ್ಡು ಪ್ರತಿ ಸಲ ನಿಯತ್ತಾಗಿ ಹೇಳಿತ್ತು. ಯಾವ ಗುಂಡಿ ಎಂದು ಹೇಳುವ ಬಾಯಿ ಅದಕ್ಕೆ ಇರಲಿಲ್ಲ.

ಅಕ್ಕ ಮತ್ತೆ ಕೂತಳು. “ನನ್ನ ಬೆರಳು ಹಿಡಿದು ಗಂಟಿನ ಮ್ಯಾಲ ಇಡು,” ಅಂದಳು. ಆಕೆಯ ತೋರುಬೆರಳು ಹಿಡಿದು ಇಟ್ಟೆ. ತಣ್ಣಗಿತ್ತು. ಒಂದು ಸಾಲು ಹೊಡೆದಳು, ಸರಿಯಾಗಿ ಬಂತು. ಸಾಲು ಮುಗಿಸಲು ಕೈ ಎತ್ತಿ ತಿರುಗಿ ಇಟ್ಟಳು, ಮುಂದಿನ ಸಾಲು ಮತ್ತೆ ಹಾಳು. ಮತ್ತೆ ಹಿಡಿದು ಇಟ್ಟೆ. ಮತ್ತೆ ಒಂದೇ ಸಾಲು. ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದವರು ಮೆಲ್ಲಗೆ ಹೊರಗೆ ಹೋಗಿ ಕೂತರು. ಒಳ್ಳೆಯ ಮನುಷ್ಯ.

“ಕೆಳಗ ನೋಡಿ ಹೊಡಿ ಅಕ್ಕಾ, ಇದೊಂದು ಸಲ,” ಅಂದೆ. ಆಕೆ ಎದ್ದು ಕುರ್ಚಿ ಬಿಟ್ಟುಕೊಟ್ಟಳು. “ನೀನು ಹೊಡಿ. ನಾ ಓದತೀನಿ.”

ಆಕೆ ಓದಿದಳು, ನಾನು ಹೊಡೆದೆ. ಎರಡು ಕಡೆ ತಪ್ಪಿದೆ, ಆಕೆ ಸದ್ದು ಕೇಳಿಯೇ “ಒತ್ತು ಬಿಟ್ಟಿ” ಅಂದಳು. ಮೇಷ್ಟ್ರು ಹಾಳೆ ತೆಗೆದುಕೊಂಡು ಬಸ್ಸಿಗೆ ಹೋದರು. ಸಂಜೆ ಅಕ್ಕ ಟವೆಲ್ಲನ್ನು ಮಡಚಿ ಟ್ರಂಕಿನಲ್ಲಿಟ್ಟಳು. “ಆ ಕೀಬೋರ್ಡು ಆಟದ ಹುಡುಗರ ಕಂಪ್ಯೂಟರಿಗೆ ಹಾಕಿಬಿಡು. ಅವಕ್ಕ ಬಾಣದ ಗುಂಡಿ ಅಷ್ಟ ಸಾಕು,” ಅಂದಳು. ಹಾಕಿದೆ. ಹುಡುಗರು ಕುಣಿದಾಡಿದರು. ಕಾರು ಗುದ್ದಿದವು, ಗುಂಡು ಹಾರಿದವು. ಕೆಳಗಿನ ಚಹಾದಂಗಡಿಯವನು ಸದ್ದು ಕೇಳಿ, ಅಕ್ಕಾರು ಇವತ್ತು ಬಹಳ ಕೆಲಸ ಹಿಡಿದಾರ ಅಂದನಂತೆ.

ಅದಾದ ಮೇಲೆ ಅಕ್ಕ ಕೋಣೆಯ ಬಾಗಿಲು ಹಾಕಿಕೊಂಡೇ ಇರುತ್ತಿದ್ದಳು. ಟೈಪಿಂಗಿಗೆ ಬಂದವರನ್ನು ನಾನೇ ಏನಾದರೂ ಹೇಳಿ ಸಾಗಹಾಕುತ್ತಿದ್ದೆ. ಒಲೆಯ ಹೊಗೆ ಕೆಲವು ದಿನ ಕಾಣುತ್ತಿತ್ತು, ಕೆಲವು ದಿನ ಇಲ್ಲ. ನನ್ನ ಹೆಂಡತಿ ಬುತ್ತಿ ಒಯ್ದರೆ, “ಉಂಡೀನಿ ತಂಗಿ,” ಎಂದು ತಿರುಗಿಸಿ ಕಳಿಸುತ್ತಿದ್ದಳು. ಪಂಚಮಿ ಇನ್ನೂ ದೂರ ಇತ್ತು.

ಒಂದು ಮಧ್ಯಾಹ್ನ ನಾವು ಉಣ್ಣಲು ಕೂತಿದ್ದೆವು. ಹೆಂಡತಿ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. ತಲೆ ಎತ್ತಿದೆ. ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಉಟ್ಟದ್ದು ಹಳೇ ಸೀರೆ. ಎರಡೂ ಕೈಯಲ್ಲಿ ತನ್ನ ತಾಟನ್ನು ಎದೆಗೆ ಒತ್ತಿ ಹಿಡಿದಿದ್ದಳು. ಹೆಂಡತಿ ಎದ್ದು ಮಣೆ ಹಾಕಿದಳು.

ಅಕ್ಕ ಹೊಸ್ತಿಲು ದಾಟಿ ಒಳಗೆ ಬಂದಳು. ತಾಟು ಕೈಯಲ್ಲಿ ಇನ್ನೂ ಇದೆಯೋ ಜಾರಿತೋ ಎಂದು, ಹೆಜ್ಜೆ ಇಟ್ಟಾಗಲೆಲ್ಲ ಕೆಳಗೆ ತನ್ನ ಕೈ ನೋಡಿಕೊಳ್ಳುತ್ತಿದ್ದಳು.